ರೈಲು ಗೋಡೆಯ ನಾಲ್ಕು ಬೋಲ್ಟು

ಪುಕ್ಕಟೆ ಬಂದದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಮದುವೆ ಊಟದಲ್ಲಿ ಯಾರಾದರೂ ಎರಡನೇ ಹೋಳಿಗೆಗೆ ಒತ್ತಾಯ ಮಾಡಿದರೆ, ಅದು ನಿನ್ನೆಯದಿರಬೇಕೆಂದು ಮೊದಲು ಮೂಸುತ್ತೇನೆ. ಇಂಥವನ ಮನೆಯ ಹಿಂದೆ, ರಾಯಚೂರಿನ ರೈಲು ಹಳಿಯ ಪಕ್ಕ, ಸದ್ದು ತಡೆಯುವ ಗೋಡೆ ಬಂತು. ಹಳೆಯ ಟೈರಿನ ಚೂರು, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಮಾನ್ವಿಯ ರೈಸ್‌ಮಿಲ್ಲಿನ ಹೊಟ್ಟು ಸೇರಿಸಿ ಒತ್ತಿದ ಹಲಗೆಗಳು. ಪ್ರಯೋಗಕ್ಕೆಂದು ನಿಲ್ಲಿಸಿದ ಇಂಜಿನಿಯರು, "ಮಳಿಗೂ ಜಗ್ಗಂಗಿಲ್ಲ, ಬೆಂಕಿಗೂ ಜಗ್ಗಂಗಿಲ್ಲ ಸರ್" ಎಂದು ನಕ್ಕ. ಆ ನಗೆಯೇ ನನಗೆ ಹಿಡಿಸಲಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ಸುಮ್ಮನಿರಲಾದೀತೆ? ಗೋಡೆಯನ್ನು ತಟ್ಟಿದೆ, ಮೊಳೆಯಿಂದ ಗೀರಿದೆ. ಸಮಾಧಾನವಾಗಲಿಲ್ಲ. ಭಾನುವಾರ ಮಧ್ಯಾಹ್ನ ಓಣಿಯೆಲ್ಲ ಉಂಡು ಮಲಗಿದ್ದಾಗ ನಾಲ್ಕು ಬೋಲ್ಟು ಬಿಚ್ಚಿ, ಕೆಳಗಿನ ಒಂದು ಹಲಗೆಯನ್ನು ಮನೆಗೆ ಎಳೆದು ತಂದೆ. ಅದರ ತುಂಡೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ.

"ಕಡ್ಲಿ ನೆನಿ ಹಾಕ್ರಿ ಅಂದ್ರ ಮರೀತೀರಿ, ಇದೊಂದು ನೆನಪಿರ್ತದ" ಎಂದಳು ಹೆಂಡತಿ.

ಎರಡು ದಿನವಾದರೂ ಅದು ಕರಗಲಿಲ್ಲ, ಉಬ್ಬಲಿಲ್ಲ. ನನ್ನ ಅನುಮಾನ ಇನ್ನೂ ಬಲಿಯಿತು. ಇಷ್ಟು ಒಳ್ಳೆಯ ಮಾಲನ್ನು ನಮ್ಮ ಓಣಿಗೇಕೆ ಕೊಟ್ಟರು?

ಗೋಡೆಯಲ್ಲಿ ಉಳಿದ ಕಿಂಡಿ ನನಗೆ ಮರೆತೇ ಹೋಗಿತ್ತು. ದೇವದುರ್ಗದ ಕಡೆಯಿಂದ ಬಂದು ಓಣಿಯ ತುದಿಯಲ್ಲಿ ಟಗರು ಸಾಕಿಕೊಂಡಿರುವ ಯಮನವ್ವನಿಗೆ ಮರೆತಿರಲಿಲ್ಲ. ಗೋಡೆ ಬಂದ ಮೇಲೆ ಮೇಲ್ಸೇತುವೆ ಸುತ್ತಿ ಆಚೆ ಹೋಗುತ್ತಿದ್ದಳು. ಅದಕ್ಕೂ ಮೊದಲು ಅವಳು ಹಳಿ ದಾಟುತ್ತಿದ್ದುದು ಕಣ್ಣಿನಿಂದಲ್ಲ, ಕಿವಿಯಿಂದ. ನಿಂತು ಆಲಿಸುವುದು, ಸದ್ದಿಲ್ಲದಿದ್ದರೆ ನಡೆಯುವುದು.

ಮೂರನೇ ದಿನ ಬೆಳಿಗ್ಗೆ ನಾನು ಮಾಳಿಗೆಯ ಮೇಲೆ ಹಲ್ಲುಜ್ಜುತ್ತಿದ್ದೆ. ಯಮನವ್ವ ಟಗರು ಹಿಡಿದುಕೊಂಡು ಗೋಡೆಯ ಈಚೆ ನಿಂತು ಆಲಿಸಿದಳು. ಗೋಡೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಅವಳು ಬಗ್ಗಿ ಕಿಂಡಿಯಲ್ಲಿ ನುಸುಳಿ ಹಳಿಯ ಕಡೆ ನಡೆದಳು. ಬಲಗಡೆಯಿಂದ ಕಲ್ಲಿದ್ದಲಿನ ಗಾಡಿ ಬರುತ್ತಿತ್ತು. ಕೂಗಿದೆ. ನನ್ನ ಕೂಗನ್ನೂ ಗೋಡೆ ತಡೆಯಿತು. ಟಗರು ಬೆದರಿ ಹಿಂದಕ್ಕೆ ಜಿಗಿದದ್ದು, ಅದರ ಹಗ್ಗ ಕೈಗೆ ಸುತ್ತಿಕೊಂಡಿದ್ದ ಅವಳು ಬಿದ್ದದ್ದು ಕಂಡಿತು. ಆಮೇಲೆ ಬರೀ ವ್ಯಾಗನ್ನುಗಳು. ಬಿದ್ದವಳನ್ನು ಗೋಡೆ ಮರೆಮಾಡಿತ್ತು. ಈಗಲೂ ಬ್ರಶ್ಶು ಹಿಡಿದರೆ ಆ ವ್ಯಾಗನ್ನುಗಳು ಬರುತ್ತವೆ, ಮುಗಿಯುವುದೇ ಇಲ್ಲ.

ಓಡಿಹೋದಾಗ, ಟಗರು ಹಿಂದಕ್ಕೆಳೆದು ಉಳಿಸಿದ್ದ ಅವಳು ಕಿಂಡಿಯ ಬಳಿ ಕೂತು ಮೊಣಕೈ ಒರೆಸಿಕೊಳ್ಳುತ್ತಿದ್ದಳು.

"ಕಿವಿಗೊಟ್ಟು ಕೇಳೇ ಹೊಂಟಿದ್ನೆಪ್ಪ ಮಾಸ್ತರ್ರ. ಹಲಗಿ ಯಾವ ಭಾಡ್ಯಾ ಒಯ್ದಾನೋ, ಅವನ ಕೈ ಸೇದಿ ಹೋಗ್ಲಿ."

"ನಾನೇ ಒಯ್ದೀನಿ, ಯಮನವ್ವ. ಪರೀಕ್ಷಾ ಮಾಡಾಕ."

"ಕಲಿತೋರು" ಎಂದಷ್ಟೇ ಹೇಳಿ ಅವಳು ಟಗರಿನ ಮೈ ಸವರಿದಳು.

ಸುದ್ದಿ ತಿಳಿದ ಇಂಜಿನಿಯರು ಅಂದೇ ಬಂದು ಹೊಸ ಹಲಗೆ ಕೂರಿಸಿದ. ನನ್ನ ಬಕೆಟ್ಟನ್ನು ಇಣುಕಿ ನೋಡಿ, "ರಿಸಲ್ಟ್ ಏನ್ ಬಂತ್ರಿ ಸರ್?" ಎಂದ. ಪಾಸು ಎಂದೆ.

ಆದರೂ ಅವನು ಬೋಲ್ಟನ್ನು ಸರಿಯಾಗಿ ಬಿಗಿದಿದ್ದಾನೋ ಇಲ್ಲವೋ ಎಂದು ಮರುದಿನ ನೋಡಲು ಹೋದೆ. ಯಮನವ್ವ ಟಗರನ್ನು ಆ ಹಲಗೆಯ ಪಕ್ಕದ ಕಂಬಕ್ಕೇ ಕಟ್ಟಿದ್ದಳು.

"ಅಲ್ಲೇ ನಿಂದರ್ರಿ ಮಾಸ್ತರ್ರ" ಎಂದಳು. "ನನಗ ಗೋಡಿ ಮ್ಯಾಲ ಸಂಶೆ ಇಲ್ಲ."

ಟಗರು ಗುದ್ದಲು ತಲೆ ತಗ್ಗಿಸಿತು. ನಾನು ದೂರದಿಂದಲೇ ಬೋಲ್ಟು ಎಣಿಸಿದೆ. ನಾಲ್ಕೂ ಇದ್ದವು.