ಎರಡು ವರ್ಷದ ಮೇಲೆ ಪ್ಯಾಂಟು ಕೇಳಲು ಬಂದ ಟೈಮ್ ಕೀಪರ್ ಸಾಹೇಬರಿಗೆ

ಮಾನ್ಯರೇ,

ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ವಿರಾಜಮಾನರಾಗಿ, ಎರಡು ನಿಮಿಷ ತಡವಾಗಿ ಬಂದ ಡ್ರೈವರನನ್ನು ಬೀದಿಗೆಲ್ಲ ಕೇಳುವಂತೆ ಮೈಕಿನಲ್ಲಿ ಸನ್ಮಾನಿಸುವ ತಮ್ಮ ಸಮಯಪ್ರಜ್ಞೆಗೆ, ನಿಲ್ದಾಣದ ಹಿಂದಿನ ಬೀದಿಯ ಲಾಂಡ್ರಿಯವನಾದ ನಾನು ಮೊಟ್ಟಮೊದಲು ತಲೆಬಾಗುತ್ತೇನೆ. ಅಂತಹ ತಾವು ಒಗೆಯಲು ಕೊಟ್ಟ ಒಂದು ಬೂದು ಬಣ್ಣದ ಪ್ಯಾಂಟನ್ನು ವಾಪಸು ಕೇಳಲು ಎರಡು ವರ್ಷ ತೆಗೆದುಕೊಂಡಿರಿ ಎಂಬುದು ನನ್ನ ದೂರಲ್ಲ. ಇನ್ನೂ ಹತ್ತು ವರ್ಷ ತೆಗೆದುಕೊಂಡಿದ್ದರೂ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೊನೆಗೂ ಕೇಳಲು ಬಂದಿರಲ್ಲ ಸ್ವಾಮಿ, ದೂರಿರುವುದು ಅದರ ಮೇಲೆ.

ನಮ್ಮ ಅಂಗಡಿಯ ಹಳೆಯ ಡೀಸೆಲ್ ವ್ಯಾನು ತಮಗೆ ಚೆನ್ನಾಗಿ ಗೊತ್ತು. ನಮ್ಮ ಮಾವನವರು ಓಡಿಸಿ ಓಡಿಸಿ ದಣಿದು ನನ್ನ ಕೊರಳಿಗೆ ಕಟ್ಟಿದ್ದು. ಮನೆಯಲ್ಲಿ ಅದನ್ನು ಮುದುಕಪ್ಪ ಎಂದು ಕರೆಯುತ್ತೇವೆ. ದಿನಾ ಬೆಳಗ್ಗೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಹೊತ್ತುಕೊಂಡು ಹೋಗುವುದು ಅದರ ಕೆಲಸ, ಮತ್ತು ಆ ಆಸ್ಪತ್ರೆಯ ಬಟ್ಟೆ ಕೈಬಿಟ್ಟರೆ ನಮ್ಮ ಅಂಗಡಿಯ ಬಾಗಿಲು ಮುಚ್ಚಿತೆಂದೇ ಲೆಕ್ಕ. ಈಗಿನ ಗಾಡಿಗಳಿಗೆ ಡೀಸೆಲಿನಲ್ಲಿ ಒಂದು ಕೂದಲು ಸಿಕ್ಕರೂ ನೆಗಡಿಯಾಗುತ್ತದೆ; ಮುದುಕಪ್ಪನದು ಹಳೇ ಕಾಲದ ಹೊಟ್ಟೆಯಾದ್ದರಿಂದ ಕರಿದು ಬಿಟ್ಟ ಎಣ್ಣೆಯನ್ನೂ ಕುಡಿದು ಅರಗಿಸಿಕೊಳ್ಳುತ್ತದೆ. ಆ ಎಣ್ಣೆ ಬರುವುದು ಎಲ್ಲಿಂದ ಎಂದು ತಮಗೆ ಹೇಳಿಕೊಡಬೇಕೆ? ನಿಲ್ದಾಣದ ಎದುರು ಮೀನು, ಆಲೂಗಡ್ಡೆ ಕರಿದು ಮಾರುವ, ಊರೆಲ್ಲ ಬಾಣಲೆ ಅಕ್ಕ ಎಂದು ಕರೆಯುವ ಆ ಮಹಾತಾಯಿಯ ಅಂಗಡಿಯಿಂದ. ಅವರು ಎಣ್ಣೆ ಕೊಡುತ್ತಾರೆ, ನಾನು ಅವರ ಜಿಡ್ಡಿನ ಏಪ್ರನ್ನುಗಳನ್ನು ಒಗೆದು ಕೊಡುತ್ತೇನೆ. ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಬೈಯುವವರು ನಮ್ಮಿಬ್ಬರ ಸ್ನೇಹವನ್ನು ಒಮ್ಮೆ ಬಂದು ನೋಡಬೇಕು.

ಆದರೆ ಮಾನ್ಯರೇ, ಕರಿದ ಎಣ್ಣೆಯನ್ನು ಹಾಗೇ ಟ್ಯಾಂಕಿಗೆ ಸುರಿಯುವಂತಿಲ್ಲ. ಮೊದಲು ಡಬ್ಬಗಳನ್ನು ನಮ್ಮ ಬಾಯ್ಲರಿನ ಪಕ್ಕ ಬೆಚ್ಚಗೆ ಇಟ್ಟು, ಚರಟವೆಲ್ಲ ತಳ ಸೇರುವವರೆಗೆ ಮಲಗಿದ ಕೂಸನ್ನು ಎಬ್ಬಿಸದವರಂತೆ ಓಡಾಡಬೇಕು. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ ಬಿಸಿ ಮಾಡಬೇಕು. ಕಾದ ಕಾವಲಿಯ ಮೇಲೆ ಒಂದು ಹನಿ ಬಿಟ್ಟು ಕಿವಿಗೊಡಬೇಕು. ಚಟಪಟ ಎಂದರೆ ಒಳಗೆ ನೀರು ಕೂತಿದೆ, ಮತ್ತೆ ಕಾಯಿಸಬೇಕು. ಕೊನೆಗೆ ಸೋಸಬೇಕು, ಮತ್ತು ಸೋಸುವುದರಲ್ಲೇ ನಮ್ಮ ಪ್ರಾಣವಿರುವುದು. ಮೀನಿನ ಒಂದು ಚೂರು ತಪ್ಪಿಸಿಕೊಂಡು ಹೋದರೂ ಮುದುಕಪ್ಪ ಗಂಟಲು ಕಟ್ಟಿ ನಡುದಾರಿಯಲ್ಲಿ ಕೂತುಬಿಡುತ್ತಾನೆ. ಸೋಸಲು ನಾನು ಬನಿಯನ್ ಕಟ್ಟಿ ನೋಡಿದೆ, ದಿಂಬಿನ ಚೀಲ ನೋಡಿದೆ, ಕಿಟಕಿಯ ಪರದೆ ನೋಡಿದೆ. ನನ್ನ ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, "ಮನೇಲಿರೋ ಬಟ್ಟೆಯೆಲ್ಲ ಜಿಡ್ಡು ಮಾಡಿದ್ರಿ, ಇನ್ನು ನನ್ನನ್ನೇ ತಂತಿಗೆ ಹಾಕಿ ಸೋಸಿ," ಎಂದು ಹೇಳಿದ ದಿನ, ವಾರಸುದಾರರಿಲ್ಲದ ಬಟ್ಟೆಗಳ ಕಪಾಟಿನ ಮೂಲೆಯಲ್ಲಿ ತಮ್ಮ ಪ್ಯಾಂಟು ನನ್ನ ಕಣ್ಣಿಗೆ ಬಿತ್ತು.

ಆಹಾ, ಅದರ ನೇಯ್ಗೆಯೇ ನೇಯ್ಗೆ! ಕಾಲುಗಳ ತುದಿಯನ್ನು ದಾರದಿಂದ ಬಿಗಿದು, ಸೊಂಟಕ್ಕೆ ತಂತಿಯ ಬಳೆ ಹಾಕಿ, ಹಿತ್ತಲಿನ ಕೊಕ್ಕೆಗೆ ನೇತುಹಾಕಿ ಮೇಲಿನಿಂದ ಎಣ್ಣೆ ಸುರಿದರೆ, ಚೂರುಪಾರೆಲ್ಲ ಮೊಣಕಾಲಿನಲ್ಲೇ ಉಳಿದು, ಕೆಳಗಿನ ಡ್ರಮ್ಮಿಗೆ ಜೇನಿನಂತಹ ಎಣ್ಣೆ ತೊಟ್ಟಿಕ್ಕುತ್ತಿತ್ತು. ತಾವು ಅದನ್ನು ಧರಿಸಿ ಅಷ್ಟು ವರ್ಷ ಕುರ್ಚಿಯ ಮೇಲೆ ಕೂತು ಸವೆಸಿದ್ದರಿಂದಲೇ ಆ ಹದ ಬಂದಿತ್ತೆಂದು ನಾನು ನಂಬಿದ್ದೇನೆ. ಹೆಚ್ಚುಕಡಿಮೆ ಎರಡು ವರ್ಷ ಮುದುಕಪ್ಪ ಒಮ್ಮೆಯೂ ಕೆಮ್ಮಲಿಲ್ಲ. ಮೂವತ್ತು ದಿನ ಕಳೆದ ಬಟ್ಟೆಗೆ ನಾವು ಜವಾಬ್ದಾರರಲ್ಲ ಎಂಬ ನನ್ನ ಬೋರ್ಡನ್ನು ದಿನಾ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಹೀಗಿರುವಾಗ ಕಳೆದ ತಿಂಗಳು, ಮಡಿಕೆ ಸ್ವಲ್ಪವೂ ಕೆಡದ ರಸೀದಿಯನ್ನು ಹಿಡಿದು, ಗುರುತು ಸಿಗದಷ್ಟು ತೆಳ್ಳಗಾಗಿ ತಾವು ಬಂದು, "ಇಸ್ತ್ರಿ ಆಗಿದೆಯೇನಪ್ಪ?" ಎಂದು ಕೇಳಿದಿರಿ. ಆ ಗಳಿಗೆಯಲ್ಲಿ ತಮ್ಮ ಪ್ಯಾಂಟು ಹಿತ್ತಲಿನಲ್ಲಿ ಸೊಂಟಮಟ್ಟ ಎಣ್ಣೆ ಕುಡಿದು ತೂಗುತ್ತಿತ್ತು. "ಸ್ವಲ್ಪ ಕಲೆ ಉಳಿದಿದೆ ಸಾರ್, ನಾಳೆ ಬನ್ನಿ," ಎಂದೆ. ಅದು ಸುಳ್ಳೇನೂ ಅಲ್ಲ. ತಾವು ಮಾರನೆಯ ದಿನವೂ ಬಂದಿರಿ, ಅದರ ಮಾರನೆಯ ದಿನವೂ ಬಂದಿರಿ, ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಸೀಮೆಸುಣ್ಣದ ಪುಡಿ ಉದುರಿಸಿ, ಸೋಡಾದಲ್ಲಿ ಕುದಿಸಿ, ಬ್ರಷ್ ಹಿಡಿದು ತಿಕ್ಕಿ ತಿಕ್ಕಿ ನಾನು ಕಲೆ ತೆಗೆದೆ, ಬಣ್ಣ ಮರಳಿ ತಂದೆ, ಕತ್ತಿಯಂತಹ ಗೆರೆ ಮೂಡಿಸಿದೆ. ವಾಸನೆಯೊಂದು ಮಾತ್ರ, ನನ್ನ ಇಡೀ ವೃತ್ತಿಜೀವನದಲ್ಲಿ ಮೊದಲ ಸಲ, ನನ್ನನ್ನು ಸೋಲಿಸಿತು.

ತಾವು ಪ್ಯಾಂಟು ಒಯ್ದ ಮೇಲೆ ಪರದೆಯ ಬಟ್ಟೆಯೇ ಗತಿಯಾಯಿತು. ಆ ವಾರವೇ ಮುದುಕಪ್ಪನ ಗಂಟಲಲ್ಲಿ ಚೂರು ಸಿಕ್ಕಿತು, ಅದೂ ಎಲ್ಲಿ, ತಮ್ಮ ನಿಲ್ದಾಣದ ಬಾಗಿಲಿಗೆ ಅಡ್ಡಲಾಗಿ! ಹಿಂದೆ ಬಸ್ಸುಗಳು ಒದರುತ್ತಿದ್ದಾಗ, ನನ್ನ ಶೋಧಕವನ್ನೇ ಧರಿಸಿ ಕುಳಿತಿದ್ದ ತಾವು, "ಲಾಂಡ್ರಿ ವ್ಯಾನಿನವರು ತಕ್ಷಣ ದಾರಿ ಬಿಡತಕ್ಕದ್ದು," ಎಂದು ಮೈಕಿನಲ್ಲಿ ಸಾರಿದಿರಿ. ಆಸ್ಪತ್ರೆಯ ಗಂಟುಗಳನ್ನು ಆ ದಾರಿಯ ಬಸ್ಸಿಗೆ ಹೇರಿಸಿದ ಉಪಕಾರವನ್ನು ನಾನು ಮರೆತಿಲ್ಲ. ಒಂದೊಂದು ಗಂಟಿಗೂ ಲಗೇಜ್ ಟಿಕೆಟ್ ಹರಿಸಿದ್ದನ್ನೂ ಮರೆತಿಲ್ಲ. ಆಸ್ಪತ್ರೆಯಲ್ಲಿ ದೊಡ್ಡ ಸಿಸ್ಟರ್ ಗಡಿಯಾರ ತೋರಿಸಿ, "ಬೇಜಾರ್ ಮಾಡ್ಕೋಬೇಡಿ, ಇನ್ನೊಂದು ಸಲ ತಡ ಆದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ," ಎಂದರು. ಅಂದಿನಿಂದ ಪ್ರತಿ ಬೆಳಗ್ಗೆ ಕೀಲಿ ತಿರುಗಿಸುವ ಮೊದಲು ಸೋಸಿದ ಎಣ್ಣೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ. ಇದನ್ನು ಮಾತ್ರ ತಮಾಷೆಗೆ ಬರೆಯುತ್ತಿಲ್ಲ, ನನಗೆ ನಿಜವಾಗಿಯೂ ಭಯವಾಗಿದೆ.

ಇನ್ನು ಆ ಪ್ಯಾಂಟು ತಮಗೆ ಇದ್ದಕ್ಕಿದ್ದಂತೆ ಯಾಕೆ ಬೇಕಾಯಿತೆಂಬುದು ಎಣ್ಣೆ ಡಬ್ಬ ತರಲು ಹೋಗಿದ್ದ ನನ್ನ ಹೆಂಡತಿಯ ಕಣ್ಣೆದುರೇ ಬಯಲಾಯಿತು. ಬಾಣಲೆ ಅಕ್ಕನನ್ನು ಮದುವೆಯಾಗುವಂತೆ ಕೇಳಲು ತಾವು ಧೈರ್ಯ ಮಾಡಿದ್ದಿರಿ. ಗುಂಡಿ ಹಾಕಲಾಗದೆ ನನ್ನಲ್ಲೇ ಬಿಟ್ಟಿದ್ದ ಆ ಪ್ಯಾಂಟನ್ನೇ ತೊಟ್ಟು ಕೇಳಬೇಕೆಂದು, ತೆಳ್ಳಗಾಗಲು ಆರು ತಿಂಗಳು ಅವರ ಅಂಗಡಿಯ ಕಡೆಗೇ ತಲೆ ಹಾಕಿರಲಿಲ್ಲ. ಕರಿಯುವ ಹೆಂಗಸಿನ ಮನಸ್ಸು ಗೆಲ್ಲಲು ಕರಿದದ್ದನ್ನೇ ಬಿಟ್ಟ ಬುದ್ಧಿವಂತರು ತಾವೊಬ್ಬರೇ ಇರಬೇಕು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಷ್ಟು ದಿನ ಮುನಿಸಿಕೊಂಡಿದ್ದ ಅಕ್ಕ ಮೂಗರಳಿಸಿ, "ಅಂಗಡಿಗೆ ಬರೋದು ಬಿಟ್ರಿ, ಆದ್ರೂ ಮೈಯೆಲ್ಲ ನನ್ನ ಬಾಣಲೆ ವಾಸನೆನೇ ಹೊಡೀತಿದೆಯಲ್ಲ, ಇದೇನ್ರೀ?" ಎಂದರಂತೆ. ತಾವು ನೆಲ ನೋಡುತ್ತಾ, "ಮರೆಯೋಕಾಗ್ಲಿಲ್ಲ," ಎಂದಿರಂತೆ! ಅವರು ಕರಿದ ಮೀನಿನ ತುಂಡೊಂದನ್ನು ತಮ್ಮ ಕೈಗಿಟ್ಟು ಒಪ್ಪಿಕೊಂಡರಂತೆ. ಮಾನ್ಯರೇ, ಎರಡು ವರ್ಷ ಮುದುಕಪ್ಪ ಕುಡಿದು ಬಿಟ್ಟ ಎಣ್ಣೆಯ ವಾಸನೆಯನ್ನು ತಾವು ಪ್ರೀತಿಯ ಲೆಕ್ಕಕ್ಕೆ ಬರೆದುಕೊಂಡಿರಿ. ಒಪ್ಪಿಗೆ ಸಿಕ್ಕಿದ್ದು ತಮಗೋ ನನ್ನ ಸೋಸುವ ಬಟ್ಟೆಗೋ ಎಂದು ಎದೆ ಮುಟ್ಟಿ ಹೇಳಿ.

ಆದಕಾರಣ ನನ್ನ ಬೇಡಿಕೆಗಳು ಬಹಳ ಸಣ್ಣವು. ಪ್ಯಾಂಟನ್ನು ದಯಮಾಡಿ ಹಿಂದಿರುಗಿಸಬೇಕು. ಅದರ ಮೇಲಿನ ಮಮತೆಯಿಂದ ಬಿಚ್ಚಲು ಮನಸ್ಸಾಗದಿದ್ದರೆ, ವಾರಕ್ಕೊಮ್ಮೆ ಪ್ಯಾಂಟಿನ ಸಮೇತ ತಾವೇ ನಮ್ಮ ಹಿತ್ತಲಿಗೆ ಚಿತ್ತೈಸಿ, ಕೊಕ್ಕೆಗೆ ಜೋತುಬಿದ್ದು ಸಹಕರಿಸಬೇಕು. ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿಯೇ ಸುರಿಯುತ್ತೇನೆ. ಅದೂ ಆಗದಿದ್ದರೆ, ದಪ್ಪ ನೇಯ್ಗೆಯ ಪ್ಯಾಂಟು ತೊಟ್ಟ ಪ್ರಯಾಣಿಕರು ಇಳಿಯುವಾಗ ಅದನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಹೋಗತಕ್ಕದ್ದೆಂದು ಮೈಕಿನಲ್ಲಿ ಪ್ರಕಟಣೆ ಹೊರಡಿಸಬೇಕು. ಮದುವೆಗೆ ತಮ್ಮಿಬ್ಬರನ್ನೂ ಮುದುಕಪ್ಪನಲ್ಲೇ ಕರೆದೊಯ್ಯುತ್ತೇನೆ, ಆದರೆ ನಡುದಾರಿಯಲ್ಲಿ ನಿಂತರೆ ತಳ್ಳಲು ಮದುಮಗನೇ ಇಳಿಯಬೇಕಾದೀತು. ತಮ್ಮ ಹೊಟ್ಟೆ ತಣ್ಣಗಿರಲಿ, ಬೇಗ ದೊಡ್ಡದೂ ಆಗಲಿ.

ಇಂತು, ವಾಸನೆಯೊಂದನ್ನು ಬಿಟ್ಟು ಬೇರಾವುದಕ್ಕೂ ಸೋಲದ,
ತಮ್ಮ ವಿಶ್ವಾಸಿ,
ಹಿಂದಿನ ಬೀದಿಯ ಲಾಂಡ್ರಿಯವನು

ಮರೆತ ಮಾತು: ಇದನ್ನು ನಿಲ್ದಾಣದ ಗೋಡೆಗೆ ಅಂಟಿಸುವ ಮೊದಲು ನನ್ನ ಹೆಂಡತಿ ಅಕ್ಕನಿಗೆ ಓದಿ ಹೇಳಿಬಿಟ್ಟಳು. ತಾವು ಗಾಬರಿಯಾಗಬೇಡಿ. ಅಕ್ಕ ಬಾಣಲೆಯಿಂದ ಕಣ್ಣೆತ್ತದೆ, "ಏಪ್ರನ್ ಒಗೆಯೋಕೆ ಕೊಡಲು ಬಂದಾಗೆಲ್ಲ ಆ ಪ್ಯಾಂಟು ನಿಮ್ಮ ಹಿತ್ತಲಲ್ಲಿ ನೇತಾಡ್ತಿದ್ದದ್ದು ನಾನೇ ನೋಡಿಲ್ವಾ? ಎರಡು ವರ್ಷ ಒಂದು ರಸೀದೀನ ಜೋಪಾನ ಮಾಡಿದವರು ನನ್ನನ್ನ ಎಲ್ಲೋ ಮರೆತು ಬರಲ್ಲ ಅಂತ ಒಪ್ಕೊಂಡೆ," ಎಂದರು. ಆಮೇಲೆ ನನಗೆ ಹೇಳಿ ಕಳಿಸಿದ್ದು ಇಷ್ಟೇ: "ಪ್ಯಾಂಟಿನ ಚಿಂತೆ ಬಿಡೋಕೆ ಹೇಳು. ಮದುವೆಯಾಗಿ ಮೂರು ತಿಂಗಳು ನನ್ನ ಕೈಯಡುಗೆ ತಿಂದ ಮೇಲೂ ಅದರ ಗುಂಡಿ ಹಾಕ್ಕೋತಾರಾ ನೋಡೋಣ." ತಮ್ಮ ಹೊಸ ರಸೀದಿಯನ್ನು ಈಗಲೇ ಬರೆದಿಟ್ಟಿದ್ದೇನೆ.