ಟೆಂಟಿನಲ್ಲಿ ನಾನು ಅರ್ಥ ಹೇಳಿದ್ದು

“ಮಗುವಿನ ಮನಸ್ಸು ತಿರುಗಿಸುವ ಕೆಲಸ ನನಗೆ ಬಿಡು. ಒಂದೇ ಸಂಜೆ ಸಾಕು!” ಎಂದು ಸೊಸೆ ಪಂಕಜಾಕ್ಷಿಯ ಎದುರು ನಾನು ಜಂಬ ಕೊಚ್ಚಿದ್ದು ನಿಜ. ಕೊಚ್ಚಬಾರದಿತ್ತು.

ಮಗ ಭುಜಂಗ ಬಂದ್ಯೋಡಿನಲ್ಲಿ ಬಸ್ಸಿನ ರಸ್ತೆಯ ಬದಿಗೆ ಮನೆ ಹಿಡಿದು ಅದರ ಮುಂಭಾಗದಲ್ಲೇ ಚಹಾದ ಹೋಟೆಲು ತೆರೆದನೆಂದು ನಾವು ದೇಲಂಪಾಡಿ ಬಿಟ್ಟು ಬಂದು ಹದಿನೈದು ದಿನವಾಗಿತ್ತು. ಏಳು ವರ್ಷದ ಮೊಮ್ಮಗಳು ಕಮಲ ಇನ್ನೂ ಹೊಸ ಶಾಲೆಯ ಮುಖ ನೋಡಿರಲಿಲ್ಲ. ಬೆಳಿಗ್ಗೆ ನನ್ನ ಸೆರಗು ಹಿಡಿದರೆ ಕತ್ತಲಾಗುವವರೆಗೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ರೋಸ್ಮೇರಿ ಸ್ಲೇಟು ಹಿಡಿದು ದಿನವೂ ಬಂದು ಕರೆಯುತ್ತಿದ್ದಳು. ಇವಳದ್ದು ತಲೆಯಾಡಿಸುವುದೊಂದೇ ಉತ್ತರ. ನನ್ನ ಹಾಗೆ ಇವಳ ಓದೂ ಎರಡನೇ ಕ್ಲಾಸಿಗೇ ಮುಗಿಯುತ್ತದೋ ಎಂದು ನನಗೆ ಹೆದರಿಕೆ.

ಅಷ್ಟರಲ್ಲಿ ಪೇಟೆಯ ಬಯಲಿಗೆ ಟೆಂಟ್ ಸಿನೆಮಾ ಬಂತು. ಸಣ್ಣ ಹುಡುಗಿಯೊಬ್ಬಳು ಹೊಸ ಊರಿಗೆ ಹೋಗಿ ನೆಲೆಯಾಗುವ ಕಥೆಯಂತೆ! ದೇವರೇ ಕಳುಹಿಸಿದ ಮದ್ದು!

“ಅತ್ತೇ, ಅದು ತಮಿಳು ಚಿತ್ರ. ನಿಮಗೆಂತ ಗೊತ್ತಾಗ್ತದೆ?” ಎಂದಳು ಪಂಕಜಾಕ್ಷಿ.

“ಪಾತ್ರೆಗೆ ಕಲಾಯಿ ಹಾಕುವ ತಮಿಳರು ನಮ್ಮ ಅಂಗಳದಲ್ಲಿ ಎಷ್ಟು ವರ್ಷ ಕೂತು ಮಾತಾಡಿದ್ದಾರೆ! ಎಲ್ಲ ಕಿವಿಯಲ್ಲಿ ಉಂಟು.”

“ಕಲಾಯಿಯ ಕಥೆಯಾದ್ರೆ ತೊಂದರೆ ಇಲ್ಲ.”

ಕಮಲಳನ್ನೂ ರೋಸ್ಮೇರಿಯನ್ನೂ ಕರೆದುಕೊಂಡು ಸಂಜೆಯ ಆಟಕ್ಕೆ ಹೋದೆ. ಬಡವರು ತೆಗೆದ ಚಿತ್ರ, ಪಾಪ. ಇಡೀ ಕಥೆಗೆ ಒಂದು ಮನೆ, ಒಂದು ಬಾವಿ, ಒಂದು ಎತ್ತಿನಗಾಡಿ. ಮೇಷ್ಟ್ರೂ ಪೊಲೀಸನೂ ಒಬ್ಬನೇ, ಮೀಸೆ ಮಾತ್ರ ಬೇರೆ!

ನಾನು ಕೇಳಿ ಬೆಳೆದದ್ದು ತಾಳಮದ್ದಳೆ. ಅಲ್ಲಿ ಭಾಗವತರು ಒಂದು ಪದ ಹಾಡಿದರೆ ಅರ್ಥ ಹೇಳುವವರು ಅರ್ಧ ಗಂಟೆ ಮಾತಾಡುತ್ತಾರೆ. ಇಲ್ಲಿ ಅರ್ಥ ಹೇಳುವವರೇ ಇಲ್ಲ! ಜನ ಸುಮ್ಮನೆ ಬಾಯಿ ತೆರೆದು ಕೂತಿದ್ದರು. ನನಗೆ ತಡೆಯಲಿಲ್ಲ. ಪರದೆಯ ಹುಡುಗಿ ಒಂದು ಮಾತಾಡಿದರೆ ನಾನು ಹತ್ತು ಮಾತಾಡಿದೆ. ಹೆಂಗಸರ ಕಡೆಯವರೆಲ್ಲ ಪರದೆ ಬಿಟ್ಟು ನನ್ನತ್ತ ತಿರುಗಿದರು.

ಹುಡುಗಿ ಹೊಸ ಊರಿನಲ್ಲಿ ಗೆಳತಿಯರೊಡನೆ ನಗುವವರೆಗೆ ನನ್ನ ಅರ್ಥ ಅಮೋಘ! ಆಮೇಲೆ ನೋಡಿದರೆ ಗಾಡಿಗೆ ಸಾಮಾನು ಹೇರುತ್ತಿದ್ದಾರೆ. ಹುಡುಗಿ ಕರುವಿನ ಕೊರಳು ತಬ್ಬಿ ಅಳುತ್ತಿದ್ದಾಳೆ.

“ಹೊಸ ಊರು ಸಾಕಾಯಿತು! ಹಳೆಯ ಊರಿಗೆ ಹಿಂದೆ ಹೊರಟರು! ಅದು ಆನಂದಬಾಷ್ಪ!” ಎಂದು ಸಾರಿದೆ.

ಹುಡುಗಿಯದ್ದೇನೋ ಆನಂದಬಾಷ್ಪ. ನನಗೆ ಯಾಕೆ ಅಷ್ಟು ಜೋರಾಗಿ ಅಳು ಬಂತೋ! ನಾನು ಅತ್ತದ್ದಕ್ಕೆ ಪಕ್ಕದವಳೂ ಅತ್ತಳು. ನೋಡುನೋಡುತ್ತಾ ಹೆಂಗಸರ ಕಡೆಯೆಲ್ಲ ಗೊಳೋ!

ಮೆಷಿನು ತಿರುಗಿಸುವ ಸುಕುಮಾರ ಓಡಿಬಂದ. “ಅಳಬೇಡಿ ಮಾರಾಯ್ರೆ! ಇದು ಮೊದಲನೇ ರೀಲು. ಹೊಸ ಊರಿಗೆ ಹೊರಡುವುದು. ತಪ್ಪಿ ಕಡೆಗೆ ಹಾಕಿದ್ದು!”

ಟೆಂಟು ನಕ್ಕಿತು. ಕಮಲ, ರೋಸ್ಮೇರಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಒಂದು ಬಟ್ಟೆಯ ಗಂಟು! ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡು ಕಮಲ! ನನ್ನ ಜೀವ ಹಾರಿತು.

“ಭುಜಂಗಾ! ಹುಡುಗಿ ದೇಲಂಪಾಡಿಗೆ ಓಡ್ತಾಳೆ! ಬಸ್ಸು ನಿಲ್ಲಿಸು!”

ಭುಜಂಗ ಕಾವಲಿಯಲ್ಲಿದ್ದ ದೋಸೆ ಬಿಟ್ಟು ಓಡಿಬಂದ. ಗಿರಾಕಿಗಳು ಚಹಾದ ಗ್ಲಾಸು ಹಿಡಿದೇ ಬಂದರು. ಬಸ್ಸೂ ನಿಂತಿತು. ದೋಸೆ ಕರಟಿದ ವಾಸನೆಯ ನಡುವೆ ಪಂಕಜಾಕ್ಷಿ ಗಂಟು ಬಿಚ್ಚಿದಳು. ಒಳಗಿದ್ದದ್ದು ನನ್ನ ಎರಡು ಸೀರೆ, ನನ್ನ ಕನ್ನಡಕ, ನನ್ನ ಎಲೆಯಡಿಕೆಯ ಡಬ್ಬಿ!

“ಇದೆಂತ ಮಗಾ?”

“ಅಜ್ಜಿಗೆ ಊರಿಗೆ ಹೋಗ್ಬೇಕು. ನಿನ್ನೆ ಸಿನೆಮಾದಲ್ಲಿ ಗಾಡಿ ಊರಿಗೆ ಹಿಂದೆ ಹೊರಟಿತೂಂತ ಎಷ್ಟು ಅತ್ತರು!” ಎಂದಳು ಕಮಲ. ಮತ್ತೆ ನನ್ನ ಕಡೆ ತಿರುಗಿದಳು. “ದಿನಾ ಬಾವಿಕಟ್ಟೆಯಲ್ಲಿ ನೀವು ಅಳುವುದು ನಂಗೆ ಗೊತ್ತುಂಟು ಅಜ್ಜಿ. ಒಬ್ಬರನ್ನೇ ಹೇಗೆ ಬಿಡುವುದು? ಅದಕ್ಕೇ ನಾನು ಶಾಲೆಗೆ ಹೋಗ್ಲಿಲ್ಲ. ಇವತ್ತು ನೀವು ಬಸ್ಸು ಹತ್ತಿ. ರೋಸ್ಮೇರಿ ಕಾಯ್ತಾಳೆ, ನಂಗೆ ಶಾಲೆಗೆ ಹೊತ್ತಾಯ್ತು!”

ಕಂಡಕ್ಟರ್ ಕೇಳಿದ, “ಅಜ್ಜೀ, ಹತ್ತುವುದಾ, ಎಂತ?”

“ಇಲ್ಲ ಮಾರಾಯ, ನೀನು ಹೋಗು.”

ಕಮಲ, ಸ್ಲೇಟು ಹಿಡಿದು ನಿಂತಿದ್ದ ರೋಸ್ಮೇರಿಯ ಕೈ ಹಿಡಿದು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಹಾಗಾದ್ರೆ ನಾನು ಬರುವವರೆಗೆ ಅಳಬಾರ್ದು, ಆಯ್ತಾ?”

“ಆಯ್ತು,” ಎಂದೆ, ಇಡೀ ಬಸ್ಸಿನ ಎದುರು.