ಮಾವನ ನೆಲನೆಲ್ಲಿ ರಸ

ನಮ್ಮ ಸೋದರಮಾವನಿಗೆ ಹೆದರದ ರೋಗ ಚಳ್ಳಕೆರೆಯಲ್ಲಿ ಒಂದೂ ಇರಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ರೋಗಗಳ ವಿಷಯ ನನಗೆ ಗೊತ್ತಿಲ್ಲ. ರೋಗಿಗಳು ಹೆದರುತ್ತಿದ್ದುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ!

ಮಾವನಿಗೆ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಚೀಲ ತೂಗಿಸುವ ಕೆಲಸ. ಮನಸ್ಸೆಲ್ಲ ನೆಲನೆಲ್ಲಿಯ ಮೇಲೆ. ಗೇಣುದ್ದದ ಆ ಗಿಡ ಕಾಮಾಲೆಗೆ ಮದ್ದು ಎಂಬುದು ಊರಿನವರ ನಂಬಿಕೆ. ಮಾವ ಅದನ್ನು ನೆಗಡಿ, ದಡಾರ, ಸರ್ಪಸುತ್ತಿಗೂ ವಿಸ್ತರಿಸಿದ್ದರು. ಬೇರುಸಮೇತ ಅರೆದು, ಹಳೇ ಪಂಚೆಯಲ್ಲಿ ಸೋಸಿದ ಹಸಿರು ರಸ. ಅದರ ಕಹಿ ಎಂಥದ್ದು ಅಂತೀರಿ? ಕುಡಿದವನಿಗೆ ತನಗೇನು ಕಾಯಿಲೆ ಇತ್ತೆಂಬುದೇ ಮರೆತುಹೋಗುತ್ತಿತ್ತು!

ಯಾರೇ ಸಿಕ್ಕಲಿ, ಮೊದಲು ಕಣ್ಣಿನ ರೆಪ್ಪೆ ಎಳೆದು ನೋಡುವುದು, ಆಮೇಲೆ ಕುಶಲ ವಿಚಾರಿಸುವುದು. ನಾಯಕನಹಟ್ಟಿಯ ಒಂದು ಮದುವೆಮನೆಯಲ್ಲಿ ಒಬ್ಬ ಹುಡುಗನನ್ನು ಹಿಡಿದು ನಿಲ್ಲಿಸಿದರು.

“ಮೈಯೆಲ್ಲ ಹಳದಿ ಐತಲ್ಲಲೇ!”

“ಅರಿಶಿನ ಹಚ್ಚವ್ರೆ ಕಣ್ರೀ. ನಾನೇ ಮದುಮಗ!”

“ಇರ್ಲಿ ಬಿಡು, ಒಂದು ಲೋಟ ಕುಡಿ.”

ತೊಂಬತ್ತರ ದಶಕದ ಕೊನೆಗೆ ವಿಶ್ವವಿದ್ಯಾಲಯವೊಂದರಿಂದ ಒಬ್ಬ ಸಂಶೋಧಕಿ ಮಾವನನ್ನು ಹುಡುಕಿಕೊಂಡು ಬಂದಳು. ಗಿಡಮೂಲಿಕೆಯ ರಸ ವೈರಸ್ಸನ್ನು ಕೊಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಕೇಳಿದ್ದು ಒಂದು ಹಿಡಿ ಗಿಡ. ಮಾವ ತಂದಿಟ್ಟದ್ದು ಒಂದು ಗೋಣಿಚೀಲ!

“ಗಾಜಿನ ಕೊಳವೆಯಲ್ಲಿ ವೈರಸ್ ಸತ್ತರೂ ಮನುಷ್ಯರಲ್ಲಿ ಸಾಯುತ್ತೆ ಅಂತ ಹೇಳೋಕಾಗಲ್ಲ ಸಾರ್,” ಎಂದಳು ಅವಳು.

“ಗಾಜಿಗೆ ಯಾವಾಗ ಕಾಮಾಲೆ ಬಂದಿತ್ತು ತಾಯಿ? ನಾನು ಸೀದಾ ಮನುಷ್ಯರಿಗೇ ಕೊಡ್ತೀನಿ.”

“ಎಷ್ಟು ಜನಕ್ಕೆ ವಾಸಿಯಾಗಿದೆ?”

“ಎಲ್ಲಾರಿಗೂ! ಕುಡಿದೋರು ಒಬ್ಬರೂ ತಿರುಗಿ ಬಂದಿಲ್ಲ.”

ಅವಳು ಮೆಲ್ಲಗೆ ಕೇಳಿದಳು: “ಬರಲಾಗದೇ ಇದ್ದವರೂ ಇರಬಹುದಲ್ವಾ ಸಾರ್?”

ಮಾವ ಗೋಣಿಚೀಲದಿಂದ ಒಂದು ಹಿಡಿ ಗಿಡ ಮಾತ್ರ ತೆಗೆದು ಅವಳ ಮುಂದಿಟ್ಟರು. ಉಳಿದದ್ದನ್ನು ಕಟ್ಟಿ ಒಳಗಿಟ್ಟರು.

ಮರುವರ್ಷ ನಮ್ಮೂರು ಕೊಂಡ್ಲಹಳ್ಳಿಯಲ್ಲಿ ನಮ್ಮ ಅವ್ವನಿಗೇ ಕಾಮಾಲೆ ಬಂತು. ಆಸ್ಪತ್ರೆಗೆ ಹೋಗೋಣ ಎಂದು ನಾನು ಎರಡು ದಿನ ಗೋಗರೆದೆ. “ನನ್ನ ತಮ್ಮ ಬರ್ಲಿ, ಅವನ ರಸಾನೇ ಕುಡೀತೀನಿ,” ಎಂದು ಅವಳ ಹಟ. ಹೇಳಿ ಕಳಿಸಿದೆ. ಮಾವ ಮೊದಲ ಬಸ್ಸಿಗೇ ಬಂದಿಳಿದರು, ಚೀಲದಲ್ಲಿ ಸೀಸೆ! ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಮಾವ ಅವ್ವನ ರೆಪ್ಪೆ ಎಳೆದು ನೋಡಿದರು. ಅವಳು ಮಂಪರಿನಲ್ಲಿ ಏನೇನೋ ಬಡಬಡಿಸುತ್ತಿದ್ದಳು. ಅಷ್ಟರಲ್ಲೂ ಕೈ ಚಾಚಿ, “ಕೊಡೋ,” ಎಂದಳು.

“ಬ್ಯಾಡಕ್ಕಾ. ಆಸ್ಪತ್ರೆಗೆ ಹೋಗಾನ,” ಎಂದವರೇ ಆಟೋ ತರಲು ಓಡಿದರು.

ಮೊಳಕಾಲ್ಮೂರಿನ ಆಸ್ಪತ್ರೆಯ ದಾರಿಯಲ್ಲಿ ಅವ್ವನ ತಲೆ ಮಾವನ ತೊಡೆಯ ಮೇಲಿತ್ತು. ನನಗೆ ಬಾಯಿ ಸುಮ್ಮನಿರಬೇಕಲ್ಲ! “ಯಾಕ್ ಮಾವ, ನಿಮ್ಮ ಔಷಧಿ ಮೇಲೆ ನಿಮಗೇ ನಂಬಿಕೆ ಇಲ್ವಾ?” ಎಂದುಬಿಟ್ಟೆ.

ಅವರು ತಲೆಯೆತ್ತಲಿಲ್ಲ. “ಐತಲೇ ಅಳಿಯ. ಆದ್ರೆ ನಮ್ಮವ್ವ ಸತ್ತಾಗ ನನಗೆ ಎರಡು ವರ್ಷ. ಸೊಂಟದ ಮ್ಯಾಲೆ ಹೊತ್ಕೊಂಡು ಸಾಕಿದೋಳು ಇವಳು. ಇವಳ ಮ್ಯಾಲೆ ಪರೀಕ್ಷೆ ಮಾಡಾಕೆ ನನ್ನ ಕೈಲಾಗಲ್ಲ.”

ಹನ್ನೆರಡನೇ ದಿನ ಅವ್ವ ಎದ್ದು ಕೂತು ಗಂಜಿ ಕೇಳಿದಳು. ಮಾವ ಲೋಟ ಹಿಡಿದು ಕುಡಿಸತೊಡಗಿದರು. ನಡುವೆ ತಮ್ಮ ಕಣ್ಣೊರೆಸಿಕೊಂಡು, ಅವಳ ರೆಪ್ಪೆ ಎಳೆದು ನೋಡಿದರು. ಅವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಅಳಬ್ಯಾಡ ಕಣೋ, ನಾನೆಲ್ಲೂ ಹೋಗಲ್ಲ,” ಎಂದಳು.